ಮುಂದಿನ ಸಾಲಿಗೆ ಬಂದ ಹೊಸಬಳು

ಐದು ತರಗತಿಗೂ ಒಬ್ಬರೇ ಮೇಷ್ಟ್ರು. ಇನ್ನೊಬ್ಬರನ್ನು ಕೊಡಿ ಎಂದು ಮೂರು ವರ್ಷದಿಂದ ಅರ್ಜಿ ಬರೆದೂ ಬರೆದೂ ಅವರಿಗೆ ಸಾಕಾಗಿತ್ತು. ಕೊನೆಗೂ, ಕಣ್ಣಾರೆ ನೋಡಿ ತೀರ್ಮಾನಿಸಲು ಇನ್‌ಸ್ಪೆಕ್ಟರ್ ಬರುತ್ತಾರೆಂದು ಪತ್ರ ಬಂತು. ಓದಿದ್ದೇ ತಡ, ಮೇಷ್ಟ್ರಿಗೆ ಬೇರೆಯದೇ ದಿಗಿಲು ಹತ್ತಿತು. ನಾಲ್ಕನೇ ತರಗತಿಯವರು ಇನ್ನೂ ಅಕ್ಷರ ಕೂಡಿಸಲು ತಡವರಿಸುತ್ತಿದ್ದರು. ಎಲ್ಲರೆದುರು ತಮ್ಮನ್ನೇ ತರಾಟೆಗೆ ತೆಗೆದುಕೊಂಡರೆ?

ಅವರ ಮಗಳು ಪೇಟೆಯ ದೊಡ್ಡ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಳು. ಆ ದಿನ ಅವಳಿಗೆ ರಜೆ ಹಾಕಿಸಿ, ಹಳೆಯ ಫ್ರಾಕು ತೊಡಿಸಿ, ತಮ್ಮ ಶಾಲೆಯ ಮುಂದಿನ ಸಾಲಿನಲ್ಲಿ ತಂದು ಕೂರಿಸಿದರು. ಅಲ್ಲಿ ಕೂರುತ್ತಿದ್ದ ಗುಬ್ಬಿ, ಶಾಲೆ ಗುಡಿಸುವವಳ ಮಗಳು, ಗೋಡೆಯ ಕಡೆ ಸರಿದಳು.

“ಇವಳ್ಯಾರು ಮೇಷ್ಟ್ರೇ?”

“ಹೊಸಬಳು. ಬಾಯಿ ಮುಚ್ಕೊಂಡು ಕೂತ್ಕೋ.”

“ಹೊಸಬಳೇ ಹೌದು ಬಿಡಿ. ಉಗುರು ನೋಡಿ, ಎಷ್ಟು ಸಪಾಟಾಗಿ ಕತ್ತರಿಸಿದ್ದಾರೆ!” ಹಿಂದಿನವರು ಕಿಸಕ್ಕೆಂದರು.

ಇನ್‌ಸ್ಪೆಕ್ಟರ್ ಬಂದರು. ಮೇಷ್ಟ್ರು ಬೆರಳು ತೋರಿಸಿದ್ದೇ ಮಗಳು ಎದ್ದು ನಿಂತು ಇಡೀ ಪಾಠವನ್ನು ನೀರು ಕುಡಿದಷ್ಟು ಸಲೀಸಾಗಿ ಓದಿದಳು.

“ಭಲೇ! ಇನ್ಯಾರು ಓದ್ತೀರಿ?”

ಗುಬ್ಬಿ ಕೈಯೆತ್ತಿದಳು. ನಾಲ್ಕು ದಿನ ಕೂತು ಅದೇ ಪಾಠದ ಮೊದಲ ಮೂರು ಸಾಲು ಕಲಿತಿದ್ದಳು. ಮೇಷ್ಟ್ರು ಕಣ್ಣು ಕೆಂಪಗೆ ಮಾಡಿದರು. ಕೈ ಮೆಲ್ಲಗೆ ಇಳಿಯಿತು.

“ಇರ್ಲಿ ಬಿಡಿ,” ಎಂದು ಇನ್‌ಸ್ಪೆಕ್ಟರ್ ನಕ್ಕರು. “ಒಬ್ಬರೇ ಇದ್ದು ಹೀಗೆ ತಯಾರು ಮಾಡಿದ್ದೀರಿ. ನಿಮಗ್ಯಾಕ್ರೀ ಇನ್ನೊಬ್ರು? ಓದೋಕೇ ಬರದ ಮಕ್ಕಳಿರೋ ಕಡೆ ಕಳಿಸೋಣ.”

ಮೇಷ್ಟ್ರು ಮಗಳ ಕಡೆ ತಿರುಗಿದರು. ಇವಳು ನನ್ನ ಮಗಳು ಸಾರ್, ಇಲ್ಲಿಯವಳಲ್ಲ. ಇಷ್ಟು ಅಂದರೆ ಸಾಕಿತ್ತು. ಇನ್‌ಸ್ಪೆಕ್ಟರ್ ಬರೆದ ವರದಿಯ ಕೆಳಗೆ ಸಹಿ ಹಾಕಿ, ಗೇಟಿನ ತನಕ ಅವರ ಹಿಂದೆ ಹಿಂದೆಯೇ ಹೋದರು.

“ಸಾರ್...”

“ಏನ್ರೀ?”

“ಮೆಟ್ಟಿಲು ಒಡೆದಿದೆ. ನೋಡ್ಕೊಂಡು ಇಳೀರಿ.”

ಜೀಪು ಹೋದದ್ದೇ ಗುಡಿಸುವವಳು ಪೊರಕೆ ಕೆಳಗಿಟ್ಟು, ಗುಬ್ಬಿಯ ಕೈ ಹಿಡಿದುಕೊಂಡು ಓಡಿಬಂದಳು.

“ಏನಂದ್ರು ಮೇಷ್ಟ್ರೇ? ಇನ್ನೊಬ್ಬ ಟೀಚರನ್ನ ಕೊಡ್ತಾರಂತಾ?”

“ಶಾಲೆ ಚೆನ್ನಾಗಿದೆ ಅಂದ್ರು.”

“ಮತ್ತೆ! ನಿಮ್ಮಂಥೋರು ಇದ್ದ ಮೇಲೆ ಚೆನ್ನಾಗಿರದೆ ಇರತ್ತಾ?” ಅವಳ ಮುಖ ಅರಳಿತು. “ನಮ್ಮ ಗುಬ್ಬೀನೂ ಓದಿದ್ಲಾ? ರಾತ್ರಿ ನಿದ್ದೇಲೂ ಅದನ್ನೇ ಗುನುಗ್ತಿತ್ತು ಇದು.”

“ಓದಿದ್ಲು,” ಎಂದುಬಿಟ್ಟರು ಮೇಷ್ಟ್ರು.

ಗುಬ್ಬಿ ಅವರನ್ನೇ ನೋಡುತ್ತಿದ್ದಳು. ಇಲ್ಲ ಅನ್ನಲಿ, ಒಂದೇ ಒಂದು ಸಲ ಇಲ್ಲ ಅನ್ನಲಿ ಎಂದು ಅವರು ತಲೆ ತಗ್ಗಿಸಿ ಕಾದರು. ಅವಳು ಅನ್ನಲಿಲ್ಲ.