ಡ್ರಮ್ಮಿನಲ್ಲಿ ಬಂದ ಮೀಸೆ ಮರಿಗಳು

ಮೀನು ಸಾಕುವವನ ಹಿತ್ತಲಲ್ಲಿ ಒಂದು ಕೊಳ, ಅದರ ಏರಿಯಾಚೆ ಊರಿನ ಕೆರೆ. ಎರಡು ವರ್ಷದಿಂದ ಅವನ ಮೀನು ಬೆಳೆದು ಮೈ ಹಿಡಿದಿರಲಿಲ್ಲ. ಅದಕ್ಕೇ ಒಂದು ದಿನ ಯಾರಿಂದಲೋ ಒಂದು ಡ್ರಮ್ ವಿದೇಶಿ ಮೀನಿನ ಮರಿ ತಂದಿಳಿಸಿದ. ಮೀಸೆಯಿರುವ ಕಪ್ಪು ಮರಿಗಳು.

"ಆರೇ ತಿಂಗಳಿಗೆ ತೋಳು ಗಾತ್ರ ಆಗುತ್ತಂತೆ," ಎಂದ.

ಹೆಂಡತಿ ಮೀನುಗಾರಿಕೆ ಇಲಾಖೆಯಲ್ಲಿದ್ದ ಅವನ ಅಕ್ಕನಿಗೆ ಫೋನ್ ಮಾಡಿದಳು. "ಅತ್ತಿಗೆ, ಒಂಚೂರು ಬಂದು ಹೋಗಿ."

ಅಕ್ಕ ಬಂದು ಡ್ರಮ್ಮಿನೊಳಗೆ ಇಣುಕಿದಳು. "ಇದನ್ನ ಸಾಕೋಕೆ ಸರ್ಕಾರದ ಒಪ್ಪಿಗೆ ಇಲ್ಲ ಕಣೋ."

"ಕೊಳ ನಂದು, ಮೀನು ನಂದು. ಸರ್ಕಾರಕ್ಕೇನು ಹೊಟ್ಟೆಕಿಚ್ಚು?"

"ಕೊಳ ನಿಂದು. ಮಳೆ ನಿಂದಾ? ಏರಿ ಮೇಲೆ ನೀರು ಹರಿದ್ರೆ ಇವು ನಿನ್ನ ಮಾತು ಕೇಳ್ಕೊಂಡು ಇಲ್ಲೇ ಕೂತಿರ್ತಾವಾ?"

ಹೆಂಡತಿ ನಕ್ಕಳು. ಅವನು ನಗಲಿಲ್ಲ.

"ನಾಳೆ ನನ್ನ ಜೊತೆ ಬಾ. ನೋಡಿದ ಮೇಲೆ ನಿನ್ನಿಷ್ಟ," ಎಂದಳು ಅಕ್ಕ.

ಮರುದಿನ ಬೆಳಕು ಹರಿಯುವಾಗ ಇಬ್ಬರೂ ಪಕ್ಕದೂರಿನ ಕೆರೆಯಲ್ಲಿದ್ದರು. ನೀರು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತೋ ತಿಳಿಯುತ್ತಿರಲಿಲ್ಲ. ಮೀನು ಹಿಡಿಯುವ ಅಜ್ಜನೊಬ್ಬನ ದೋಣಿ ಅವರನ್ನು ಹೊತ್ತು ಸದ್ದಿಲ್ಲದೆ ಜಾರುತ್ತಿತ್ತು. ಚಿಕ್ಕಂದಿನಲ್ಲಿ ಅವನು ಈಜಿದ ಕೆರೆ ಇದು. ಆಗ ಬೆಳ್ಳಿ ಬಣ್ಣದ ಪುಟ್ಟ ಮೀನುಗಳು ಹಿಂಡಾಗಿ ಬಂದು ಕಾಲ್ಬೆರಳಿಗೆ ಕಚಗುಳಿ ಇಡುತ್ತಿದ್ದವು. ಅವನು ಕೈಯನ್ನು ನೀರಿಗೆ ಇಳಿಬಿಟ್ಟು ಬಹಳ ಹೊತ್ತು ಕಾದ. ಏನೂ ತಾಕಲಿಲ್ಲ.

ದೋಣಿಯ ಅಜ್ಜ ಬಲೆ ಎಳೆದ. ಬಂದದ್ದೆಲ್ಲ ಮೀಸೆ ಮೀನೇ.

"ಬೇರೆ ಮೀನೆಲ್ಲ ಎಲ್ಲಿ ಅಜ್ಜ?" ಎಂದು ಅವನು ಕೇಳಿದ.

"ಇವುಗಳ ಹೊಟ್ಟೇಲಿ. ಮೊದಲು ಮೊಟ್ಟೆ ತಿಂದ್ವು, ಆಮೇಲೆ ಮರಿ, ಆಮೇಲೆ ಕಪ್ಪೆ. ನಾಲ್ಕು ವರ್ಷದ ಹಿಂದೆ ಒಂದು ಮಳೇಲಿ ಕೊಳ ಒಡೆದು ಕೆರೆಗೆ ಬಂದ್ವು."

"ಯಾರ ಕೊಳ?"

ಅಜ್ಜ ಬಲೆಯಿಂದ ಕಣ್ಣೆತ್ತಲಿಲ್ಲ. "ನಂದೇ ಕಣಪ್ಪ."



ಅಂದು ಮಧ್ಯಾಹ್ನ ಅವನೇ ಇಲಾಖೆಯವರನ್ನು ಕರೆಸಿ ಡ್ರಮ್ ಒಪ್ಪಿಸಿದ. "ಮತ್ತೆ ನನ್ನ ಕೊಳದ ಗತಿ?" ಎಂದು ಅಕ್ಕನನ್ನು ಕೇಳಿದ.

"ಒಂದು ಕೊಳಕ್ಕೆ ಎರಡು ಕೊಳದ ಮರಿ ತುಂಬಿದ್ದೀಯ, ಮೈ ಹಿಡಿಯೋದು ಹೇಗೆ? ಮರಿ ಕಡಿಮೆ ಮಾಡು. ನೀರು ಪರೀಕ್ಷೆ ಮಾಡಿಸೋಣ. ನಮ್ಮ ನೀರಿನದೇ ತಳಿ ನಾನು ಕೊಡಿಸ್ತೀನಿ."

"ಇನ್ಮೇಲೆ ಇವರು ಹೇಳಿದಂಗೆ ಕೇಳ್ತಾರೆ ಬಿಡಿ ಅತ್ತಿಗೆ," ಎಂದಳು ಹೆಂಡತಿ. ಈ ಸಲ ಅವನೂ ನಕ್ಕ.

ಮೀನು ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಮರಿ ಕೊಳ್ಳುವ ಮೊದಲು ಅದು ಯಾವ ಮೀನೆಂದು ಕೇಳಿ. ಅದಕ್ಕೆ ಅನುಮತಿ ಇದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ತಿಳಿಯದೆ ತಂದಿದ್ದರೆ, ಹೆದರಿ ಕೆರೆಗೆ ಸುರಿಯಬೇಡಿ, ಇಲಾಖೆಗೆ ತಿಳಿಸಿ. ಕೆರೆ ಸೇರಿದ ಮೀನನ್ನು ವಾಪಸ್ ಕರೆಯಲು ಯಾರಿಂದಲೂ ಆಗದು.