ಸ್ಟೇರಿಂಗಿಗೂ ಹೊಟ್ಟೆಗೂ ನಡುವೆ

"ಸೀಟ್ ಇನ್ನ ಹಿಂದಕ ಸರಿಯೂದಿಲ್ರಿ ಮೇಡಂ. ಇಷ್ಟ ಐತಿ," ಎಂದ ಡ್ರೈವಿಂಗ್ ಕಲಿಸುವ ಜುಲ್ಫಿಕರ.

ಇಷ್ಟೇ ಇತ್ತು. ಸ್ಟೇರಿಂಗಿಗೂ ಹೊಟ್ಟೆಗೂ ನಡುವೆ ಅಂಗೈ ತೂರುವಷ್ಟು ಜಾಗ. ಸೀಟು ಇನ್ನೂ ಹಿಂದೆ ಸರಿದಿದ್ದರೂ ಕ್ಲಚ್ಚಿಗೆ ಕಾಲು ನಿಲುಕುತ್ತಿರಲಿಲ್ಲ. ವೃಂದಾ ಅಂಗೈ ತೂರಿಸಿ ನೋಡಿದಳು, ತೆಗೆದಳು. ಯಾರದೋ ಸಾಮಾನನ್ನು ಅಳೆಯುತ್ತಿದ್ದೇನೆ ಅನ್ನಿಸಿತು. ಈ ಎಂಟು ತಿಂಗಳೂ ಅವಳಿಗೆ ಅನ್ನಿಸಿದ್ದು ಅದೇ. ತಾನು ಎಲ್ಲಿಗೋ ತಲುಪಿಸಬೇಕಾದ ಸಾಮಾನು ಹೊತ್ತವಳು.

ಇಂಡಿ ಊರಿನ ಹೊರಗಿನ ಮೈದಾನದಲ್ಲಿ ಲೈಸನ್ಸಿನ ಕ್ಯಾಂಪು. ಬೈಕುಗಳ ಮೇಲೆ ಕೂತ ಹುಡುಗರು ಅವಳ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. ಅವರಲ್ಲಿ ಇಬ್ಬರು ಹೋದ ವರ್ಷ ಅವಳ ಭೌತಶಾಸ್ತ್ರದ ತರಗತಿಯಲ್ಲಿದ್ದವರು. ನಮಸ್ಕಾರ ಹೇಳಬೇಕೋ ಬೇಡವೋ ತಿಳಿಯದೆ ಮೊಬೈಲಿನಲ್ಲಿ ಮುಖ ಹುದುಗಿಸಿದರು.

ಐದನೆಯ ತಿಂಗಳ ಒಂದು ಮಧ್ಯಾಹ್ನ ರಕ್ತ ಕಂಡಿತ್ತು. ಗಂಡ ಸಂಕರ್ಷಣ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಇಂಜಿನಿಯರ್. ಶನಿವಾರ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುವವನು. ಮನೆಯ ಮುಂದೆ ಅವನ ಕಾರು ಹೊದಿಕೆ ಹೊದ್ದು ನಿಂತಿತ್ತು. ಓಡಿಸುವವರು ಇರಲಿಲ್ಲ. ಅತ್ತೆ ತುಳಸೀಬಾಯಿ ಬರಿಗಾಲಲ್ಲಿ ಓಣಿಯ ತುದಿಗೆ ಓಡಿ ಆಟೋ ತರುವ ತನಕ ವೃಂದಾ ಆ ಕಾರಿಗೇ ಒರಗಿ ನಿಂತಿದ್ದಳು.

ಕೂಸಿಗೆ ಏನೂ ಆಗಿರಲಿಲ್ಲ. ಆದರೆ ಆಸ್ಪತ್ರೆ ಮುಟ್ಟುವವರೆಗೂ ಅತ್ತೆಯ ಕೈ ಅವಳ ಹೊಟ್ಟೆಯ ಮೇಲಿತ್ತು. ಅವಳ ಕೈಯನ್ನು ಯಾರೂ ಹಿಡಿದಿರಲಿಲ್ಲ. ಹಿಡಿಯಲಿ ಎಂದು ಅವಳೂ ಚಾಚಿರಲಿಲ್ಲ. ಕೂಸಿನ ಚಿಂತೆಯಲ್ಲಿ ಎಲ್ಲರೂ ಇದ್ದಾರೆ, ತಾನು ಮಾತ್ರ ಕಾರಿನ ಚಿಂತೆಯಲ್ಲಿದ್ದೇನೆ ಎಂದು ಆಟೋದಲ್ಲೇ ಹೊಳೆದು ಗಾಬರಿಯಾಗಿತ್ತು. ವಿಶ್ರಾಂತಿ ಮುಗಿದು ಡಾಕ್ಟರು ಓಡಾಡಬಹುದೆಂದ ದಿನ ನೇರ ಜುಲ್ಫಿಕರನ ಡ್ರೈವಿಂಗ್ ಸ್ಕೂಲಿಗೆ ಹೋದಳು. ಗಂಡನಿಗೆ ಹೇಳಲಿಲ್ಲ. ಅತ್ತೆಗೆ ಹೇಳಿದಳು, ಅತ್ತೆ ಅಂದಿನಿಂದ ಆ ವಿಷಯ ಮಾತಾಡಲಿಲ್ಲ.

ಫೋನು ಬಂತು.

"ಎಲ್ಲಿದ್ದಿ?" ಸಂಕರ್ಷಣ.

"ಹೊರಗ."

"ಊಟ ಆತು?"

"ಆತು."

"ಹೊಟ್ಟಿಗೆ ಹಿಡಿ ಫೋನು."

ಇದು ದಿನದ ಪದ್ಧತಿ. ಅವನು ಕೂಸಿನೊಡನೆ ಮಾತಾಡುವನು. ತನ್ನದೇ ಹೊಟ್ಟೆಯ ಮೇಲೆ ತನ್ನದಲ್ಲದ ಮಾತಿನ ಗುಜುಗುಜು ಅವಳಿಗೆ ಕೇಳುವುದು. ಒಮ್ಮೆ ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಕುಕ್ಕರ್ ಇಳಿಸಲು ಹೋಗಿದ್ದಳು. ಅವನು ಡಬ್ಬಿಯೊಡನೆ ಬಹಳ ಹೊತ್ತು ಲಲ್ಲೆಗರೆದಿದ್ದ. ಇವತ್ತು ಡ್ಯಾಶ್‌ಬೋರ್ಡಿನ ಮೇಲಿಟ್ಟಳು.

ಪ್ರೀತಿಯ ಮನುಷ್ಯ. ತೊಡಕೇ ಅದು. ಜಗಳಕ್ಕೆ ಎಲ್ಲೂ ಹಿಡಿ ಸಿಗುತ್ತಿರಲಿಲ್ಲ. ಅವಳು ಮಾತ್ರ ಆ ಕೂಸಿನೊಡನೆ ಒಮ್ಮೆಯೂ ಮಾತಾಡಿರಲಿಲ್ಲ. ಏನೆಂದು ಕರೆಯುವುದು? ಪ್ರಯತ್ನ ಮಾಡಿದಾಗಲೆಲ್ಲ ಖಾಲಿ ಕೋಣೆಯಲ್ಲಿ ಪಾಠ ಮಾಡಿದಂತಾಗಿ ಬಾಯಿ ಮುಚ್ಚಿದ್ದಳು.

ಹೆಸರು ಕೂಗಿದರು. ಇನ್ಸ್‌ಪೆಕ್ಟರ್ ಕಾರಿನ ಬಳಿ ಬಂದು ಬಗ್ಗಿ ನೋಡಿದರು. ಐವತ್ತು ದಾಟಿದ, ಬಿಸಿಲಿಗೆ ಬೇಸತ್ತ ಮನುಷ್ಯ.

"ಯಾರ ಓಡಸಾವ್ರು?"

"ನಾನರಿ."

"ಹಡದ ಮ್ಯಾಲ ಬರ್ರಿ. ಅವಸರ ಏನೈತಿ?"

"ಹಡೀಲಿಕ್ಕೆ ಹೋಗಲಿಕ್ಕೇನ ಬೇಕಾಗೇದ್ರಿ."

ಬೈಕಿನ ಮೇಲಿದ್ದ ಹುಡುಗರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ಸ್‌ಪೆಕ್ಟರ್ ನಗಲಿಲ್ಲ.

"ಏನರ ಹೆಚ್ಚುಕಮ್ಮಿ ಆದ್ರ ನನ್ನ ಕೊರಳಿಗೆ ಬರತೈತ್ರಿ."

"ಬಸುರಿ ಬರಬಾರದಂತ ನಿಯಮದಾಗ ಅದ ಏನ್ರಿ?"

"ನಿಯಮದಾಗಿಲ್ಲ..." ಅವರು ಜುಲ್ಫಿಕರನನ್ನು ನೋಡಿದರು. ಜುಲ್ಫಿಕರ ಬೇವಿನ ಗಿಡ ನೋಡಿದ. ಕೊನೆಗೆ ಎಡಬಾಗಿಲು ತೆಗೆದು, ಯಾರದೋ ಮನೆಯ ಒಡೆಯುವ ವಸ್ತುವಿನ ಪಕ್ಕ ಕೂರುವವರಂತೆ ಕೂತರು.

"ನಡೀರಿ. ಸಾವಕಾಶ."

ಕಲ್ಲುಗಳ ನಡುವೆ ಎಂಟರ ಅಂಕಿ ಬರೆದಳು. ಸ್ಟೇರಿಂಗ್ ಪೂರ್ತಿ ತಿರುಗಿದಾಗಲೆಲ್ಲ ಮೊಣಕೈ ಹೊಟ್ಟೆಗೆ ತಾಗಿತು. ದಿಬ್ಬದಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಕಾರನ್ನು ಹತ್ತಿಸಿದಳು. ಎಂಜಿನ್ ಒಮ್ಮೆ ಕೆಮ್ಮಿತು, ಆರಲಿಲ್ಲ.

"ರಿವರ್ಸ್."

ಸೊಂಟ ತಿರುಗಿಸಿ ಹಿಂದೆ ನೋಡಲು ಆಗುವುದಿಲ್ಲ. ಕನ್ನಡಿಗಳನ್ನು ನಂಬಬೇಕು. ಬಲಗನ್ನಡಿಯಲ್ಲಿ ಒಂದು ಕಲ್ಲು, ಎಡಗನ್ನಡಿಯಲ್ಲಿ ಇನ್ನೊಂದು, ನಡುವೆ ಕಾರು ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ಆಗ ಒಳಗಿನಿಂದ ಒದೆ ಬಿತ್ತು. ದಿನದ ಮೆಲು ಹೊರಳಾಟವಲ್ಲ, ಪಕ್ಕೆಲುಬಿಗೇ ಬಿದ್ದ ಒದೆ. ಕಣ್ಣು ಕತ್ತಲಿಟ್ಟಿತು. ಕ್ಲಚ್ಚಿನ ಮೇಲಿನ ಕಾಲು ಸಡಿಲಿತು. ಕನ್ನಡಿಯ ಕಲ್ಲು ಹತ್ತಿರ ಬಂತು.

"ಏ, ಸುಮ್ಮ ಕೂಡು ಒಂದ್ ಗಳಿಗಿ!"

ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿ. ಹ್ಯಾಂಡ್‌ಬ್ರೇಕಿನ ಕಡೆ ಚಾಚಿದ್ದ ಇನ್ಸ್‌ಪೆಕ್ಟರು ಕೈ ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡರು.

ಒಳಗೂ ಸುಮ್ಮನಾಯಿತು.

ವೃಂದಾ ಉಸಿರು ಬಿಟ್ಟಳು. ಆಡಿದ್ದೇನೆಂದು ಆಮೇಲೆ ತಿಳಿಯಿತು. ಅದು ತಾನು ಕೂಸಿಗೆ ಆಡಿದ ಮೊದಲ ಮಾತು. ಲಾಲಿಯಲ್ಲ, ಹಾರೈಕೆಯಲ್ಲ, ಬೈಗುಳ. ತರಗತಿಯಲ್ಲಿ ಹುಡುಗಾಟ ಮಾಡುವವರನ್ನು ಗದರಿಸಿದಂತೆ ಗದರಿಸಿದ್ದಳು. ಅದು ಕೇಳಿತ್ತು. ಕಾಕತಾಳೀಯವೆಂದು ಭೌತಶಾಸ್ತ್ರದ ಉಪನ್ಯಾಸಕಿಗೆ ಗೊತ್ತು. ಗೊತ್ತಿದ್ದರೂ ಮೈಯೆಲ್ಲ ಜುಂ ಎಂದಿತು. ಇಷ್ಟು ದಿನ ಖಾಲಿಯಿದ್ದ ಕೋಣೆಯಲ್ಲಿ ಯಾರೋ ಎದ್ದು ನಿಂತು ಹಾಜರಿ ಹೇಳಿದ ಹಾಗೆ.

"ಹಾಂ, ಹಂಗ," ಎಂದಳು ಮೆಲ್ಲಗೆ. ಕಾರು ಕಲ್ಲುಗಳ ನಟ್ಟನಡುವೆ ನಿಂತಿತು.

ಇನ್ಸ್‌ಪೆಕ್ಟರ್ ಕಿಟಕಿಯಿಂದ ಬಗ್ಗಿ ಕಲ್ಲುಗಳನ್ನು ನೋಡಿದರು.

"ಅದು ನನಗ ಅಂದದ್ದೇನ್ರಿ?"

"ಅಲ್ರಿ. ಇದಕ್ಕ."

ಅವರು ಹೊಟ್ಟೆ ನೋಡಿದರು. ಆಮೇಲೆ, ಮೊದಲ ಬಾರಿಗೆ, ಅವಳ ಮುಖ ನೋಡಿದರು.

"ಈಗಿಂದನ ಬೈಯಾಕತ್ತೀರಿ. ಪಾಸ್, ಹೋಗ್ರಿ."

ಹುಡುಗರು ಸೀಟಿ ಹೊಡೆದರು. ಹಳೆಯ ಶಿಷ್ಯರಿಬ್ಬರೂ ಈಗ ಎದ್ದು ನಿಂತು, "ನಮಸ್ಕಾರ್ರಿ ಮೇಡಂ," ಎಂದರು. ಜುಲ್ಫಿಕರನಿಗೆ ತಾನೇ ಪಾಸಾದಷ್ಟು ಸಂತೋಷ. ಮನೆಯ ತನಕ ಅವನು ಪಕ್ಕದಲ್ಲಿ ಕೂತು ಏನೇನೋ ಹೇಳಿದ. ಅವಳಿಗೆ ಒಂದೂ ಕೇಳಲಿಲ್ಲ. ಓಣಿಯ ತಿರುವಿನಲ್ಲಿ ಸುಮ್ಮನೆ, ಯಾರೂ ಅಡ್ಡ ಇಲ್ಲದಿದ್ದರೂ, ಹಾರ್ನ್ ಹೊಡೆದಳು.

ತುಳಸೀಬಾಯಿ ಬಾಗಿಲಲ್ಲೇ ನಿಂತಿದ್ದರು. ಮಧ್ಯಾಹ್ನದ ಊಟ ಮಾಡಿದಂತಿರಲಿಲ್ಲ.

"ಏನಾತು?"

"ಪಾಸ್."

"ಕೂಸು?"

"ಅದೂ ಪಾಸ್."

ಅತ್ತೆ ನಗಲಿಲ್ಲ. ಒಳಗೆ ಹೋದರು. ವೃಂದಾಳ ಗೆಲುವು ಅಂಗಳದಲ್ಲೇ ಒಂದು ಕ್ಷಣ ಅನಾಥವಾಗಿ ನಿಂತಿತು. ಪರವಾಗಿಲ್ಲ ಅಂದುಕೊಂಡಳು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೂ ಗೆಲುವು ಗೆಲುವೇ. ಹೊಟ್ಟೆಯ ಮೇಲೆ ಕೈಯಿಟ್ಟು, "ನೀ ಇದ್ದಿ ಅಲಾ," ಎಂದಳು. ಎರಡನೆಯ ಮಾತು. ಇದು ಸಲೀಸಾಗಿ ಬಂತು.

ಸಂಜೆ ಲೈಸನ್ಸ್ ಮಂಜೂರಾದ ಮೆಸೇಜು ಮೊಬೈಲಿಗೆ ಬಂತು. ಅದನ್ನು ಓದುತ್ತಿದ್ದಾಗ ತುಳಸೀಬಾಯಿ ಪಡಸಾಲೆಗೆ ಬಂದರು. ಪೆಟ್ಟಿಗೆಯ ವಾಸನೆಯ ಇಳಕಲ್ ಸೀರೆ, ಕೈಯಲ್ಲಿ ಕೈಚೀಲ.

"ಅಗರಖೇಡಕ್ಕ ಹೋಗೂಣು."

"ಈಗ?"

"ಮತ್ಯಾವಾಗ? ನನ್ನ ತವರುಮನಿ. ಯಾರರ ಕರಕೊಂಡ ಹೋಗಲಿ ಅಂತ ಕೂತ್ಕೋತ ಕೂತ್ಕೋತ, ಅಣ್ಣನೂ ಹೋದ, ವೈನಿನೂ ಹೋದ್ಲು."

ವೃಂದಾ ಅತ್ತೆಯ ಮುಖ ನೋಡಿದಳು. ಅಲ್ಲಿ ಮೃದುವಾದದ್ದೇನೂ ಇರಲಿಲ್ಲ. ಹಟ ಇತ್ತು. ಆ ಹಟ ಅವಳಿಗೆ ಪರಿಚಯದ್ದು ಅನ್ನಿಸಿತು. ಹೊರಗೆ ಹೋಗಿ ಗಂಡನ ಕಾರಿನ ಹೊದಿಕೆ ಎಳೆದಳು.

"ಮುಂದ ಕೂಡ್ರಿ, ಅತ್ಯಾ."

"ಒಲ್ಲೆ. ಅಂಜಿಕಿ ಬರ್ತದ."

ಹಿಂದೆಯೇ ಕೂತರು. ಊರು ದಾಟಿ, ನಿಂಬೆಯ ತೋಟಗಳು ದಾಟಿ, ಕಾರು ಬಯಲಿಗೆ ಬಿತ್ತು. ಇಳಿಬಿಸಿಲು ಗಾಜಿನ ತುಂಬ. ವೃಂದಾ ಮೂರನೆಯ ಗೇರು ಹಾಕಿದಳು, ನಾಲ್ಕನೆಯದು ಹಾಕಿದಳು. ಇಷ್ಟು ಹಗುರಾಗಿ ಈ ಮೈಯಲ್ಲಿ ಅವಳು ಎಂದೂ ಇರಲಿಲ್ಲ.

ಆಗ ಮುಂದೊಂದು ಕಬ್ಬಿನ ಟ್ರ್ಯಾಕ್ಟರು ಸಿಕ್ಕು ದಾರಿ ಮುಚ್ಚಿತು. ಹಿಂದೆ ಎರಡು ಟ್ರೇಲರು, ಮನೆಯ ಗೋಡೆಯಷ್ಟು ಎತ್ತರಕ್ಕೆ ಕಬ್ಬು, ಅತ್ತಿಂದಿತ್ತ ವಾಲುತ್ತ ಹೋಗುತ್ತಿತ್ತು. ಮುಂದಿನದೇನೂ ಕಾಣದು.

"ಹಿಂದಿಂದನ ನಡಿಯವಾ," ಎಂದರು ತುಳಸೀಬಾಯಿ.

ವೃಂದಾ ಬಲಕ್ಕೆ ತೆಗೆದಳು. ಹಾರ್ನ್ ಒತ್ತಿದಳು. ಟ್ರ್ಯಾಕ್ಟರಿನಲ್ಲಿ ಹಾಡು ಜೋರಾಗಿತ್ತು, ಯಾರಿಗೂ ಕೇಳಲಿಲ್ಲ. ಒಂದು ಟ್ರೇಲರು ದಾಟಿದಳು, ಎರಡನೆಯದು, ಟ್ರ್ಯಾಕ್ಟರು. ಅದರ ಮುಂದೆ ಇನ್ನೊಂದು ಟ್ರ್ಯಾಕ್ಟರಿತ್ತು. ಅದಕ್ಕೂ ಎರಡು ಟ್ರೇಲರು. ಅದರ ಮುಂದೆ ಮತ್ತೊಂದು. ನಡುವೆ ನುಸುಳಲು ಸಂದಿಲ್ಲ. ಎದುರಿಗೆ ರಸ್ತೆ ದಿಬ್ಬವೇರಿ ನಿಂತಿತ್ತು. ಅದರಾಚೆ ರಸ್ತೆ ಕಾಣದು, ಬರೀ ಬೆಳಕು.

"ದಾರಿ ಕಾಣಸ್ತದ ಏನ?" ಹಿಂದಿನಿಂದ ದನಿ.

"ಕಾಣಸ್ತದ್ರಿ," ಎಂದಳು ವೃಂದಾ.

ಎಡಗಡೆ ಕಬ್ಬಿನ ಗೋಡೆ ಮುಗಿಯದೆ ಓಡುತ್ತಿತ್ತು. ಅದರ ಸೋಗೆ ಗಾಜಿಗೆ ಬಡಿದು ಬಡಿದು ಸಿಳ್ಳು ಹಾಕುತ್ತಿತ್ತು. ವೃಂದಾ ಜೋರಾಗಿ ನಗುತ್ತಿದ್ದಳು. ನಗುತ್ತಲೇ, ಆ ಬೆಳಕಿನೊಳಕ್ಕೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಳು.