ಹಳೇಪೇಟೆಯ ಜಗಲಿ ಉಳಿಯಿತು

ಮಳೆ ಬಂತೆಂದರೆ ಗೋಡೆಯಲ್ಲಿ ನೀರು ಜಿನುಗುವ ತಾಪತ್ರಯ ಯಾರ ಮನೆಯಲ್ಲಿಲ್ಲ? ಕುಂಬಳೆಯ ಹಳೇಪೇಟೆ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮುದ್ದಣ್ಣನಿಗೂ ಅದೇ ಕಷ್ಟ. ಕೆಳಗೆ ಅಂಗಡಿ, ಉಪ್ಪರಿಗೆಯಲ್ಲಿ ಸಂಸಾರ. ಅಜ್ಜ ಕಟ್ಟಿಸಿದ, ಕೆಂಪು ಮುರಕಲ್ಲಿನ ಮನೆ. ಸಾವಿರದ ಒಂಬೈನೂರ ಐವತ್ತೆರಡರ ಮೇ ತಿಂಗಳಲ್ಲಿ ಎರಡು ಮಳೆ ಬಿದ್ದದ್ದೇ ತಡ, ಗೋಡೆ ಒದ್ದೆಯಾಗಿ ಮದುವೆ ಸೀರೆಗಳಿಗೆಲ್ಲ ಕಲೆ ಹಿಡಿಯಿತು.

ರೇಗಿದ ಮುದ್ದಣ್ಣ ಉಗ್ಗಪ್ಪ ಮೇಸ್ತ್ರಿಯನ್ನು ಕರೆಸಿದ. "ಎದುರಿನ ಜಗಲಿ, ಮರದ ಕಂಬ ಎಲ್ಲ ಕೆಡವಿ ಮೇಸ್ತ್ರಿಗಳೇ. ಗೋಡೆಗೆ ಸಿಮೆಂಟು ಬಳಿಯುವ. ಕೊನೆಯ ಅಂಗಡಿ ಪ್ಯಾಟ್ರಿಕ್‌ನದ್ದು ಹೇಗೆ ಹೊಳೀತಾ ಉಂಟು ನೋಡಿ!"

ಉಗ್ಗಪ್ಪ ಹಾರೆ ಮುಟ್ಟಲಿಲ್ಲ. "ಮೊದಲು ಒಂದು ಏಣಿ ಕೊಡಿ ಧನಿಗಳೇ," ಎಂದ.

ಮಾಡು ಹತ್ತಿ ನೋಡಿದರೆ ಮೂರು ಹಂಚು ಒಡೆದಿದ್ದವು. ಹಿತ್ತಿಲಲ್ಲಿ ನೀರು ಹೋಗುವ ಕಣಿಗೆ ತರಗೆಲೆ ತುಂಬಿತ್ತು. ನಿಂತ ನೀರನ್ನೆಲ್ಲ ಗೋಡೆ ಕುಡಿಯುತ್ತಿತ್ತು.

"ಇಷ್ಟೇ. ಮನೆಗೆ ಎಂತದೂ ಆಗ್ಲಿಲ್ಲ."

"ಸಿಮೆಂಟು ಹಾಕಿದ್ರೆ ನೀರು ಒಳಗೇ ಬರುದಿಲ್ಲ ಅಂತಾರಲ್ಲ ಮಾರಾಯ್ರೆ?"

"ಬಂದ ನೀರು ಹೊರಗೂ ಹೋಗುದಿಲ್ಲ. ಬನ್ನಿ, ತೋರಿಸ್ತೇನೆ."

ಬೀದಿಯ ಕೊನೆಯಲ್ಲಿ ಪ್ಯಾಟ್ರಿಕ್ ತಾನಾಗಿಯೇ ಅವರನ್ನು ಬದಿಯ ಗೋಡೆಗೆ ಕರೆದೊಯ್ದ. "ಎದುರು ಹೊಳೀತದೆ, ನಿಜ. ಇಲ್ಲಿ ನೋಡಿ ನನ್ನ ಅವಸ್ಥೆ."

ಉಗ್ಗಪ್ಪ ಬೆರಳಿನಿಂದ ತಟ್ಟಿದ. ಪೊಳ್ಳು ಸದ್ದು ಬಂತು. ಸಿಮೆಂಟಿನ ಒಂದು ಚಕ್ಕೆ ಕಳಚಿ ಬಿತ್ತು. ಒಳಗಿನ ಕೆಂಪು ಕಲ್ಲು ನೆನೆದು ಕೈಗೆ ಮಣ್ಣಾಗಿ ಬಂತು.

"ಮುರಕಲ್ಲಿಗೆ ಸುಣ್ಣದ ಗಾರೆಯೇ ಆಗ್ಬೇಕು. ಒದ್ದೆಯಾದ್ರೂ ಬಿಸಿಲಿಗೆ ಒಣಗ್ತದೆ," ಎಂದ ಉಗ್ಗಪ್ಪ.

ಅಷ್ಟರಲ್ಲಿ ಧೋ ಎಂದು ಮಳೆ. ಇಬ್ಬರಲ್ಲೂ ಕೊಡೆಯಿಲ್ಲ. ಆದರೂ ಜಗಲಿಯಿಂದ ಜಗಲಿಗೆ ಕಾಲಿಡುತ್ತ, ಹತ್ತೊಂಬತ್ತು ಮನೆ ದಾಟಿ, ಒಂದು ಹನಿಯೂ ತಾಗದೆ ಬಂದರು. ಒಂದೇ ಗೆರೆಯಲ್ಲಿ ಇಳಿದ ಹಂಚಿನ ಮಾಡು, ಕೆತ್ತನೆಯ ಕಂಬ, ಉಪ್ಪರಿಗೆಗೆ ಮರದ ಸರಳುಗಳ ದಳಿ. ದಿನಾ ಓಡಾಡುವ ಬೀದಿ ಇಷ್ಟು ಚೆಂದವೇ ಎಂದು ಮುದ್ದಣ್ಣನಿಗೆ ಎದೆಯುಬ್ಬಿತು.

ಅವನ ಜಗಲಿಯಲ್ಲಿ ಮೀನಿನ ಬುಟ್ಟಿಯ ಹೆಂಗಸರು, ಸೀತಾಂಗೋಳಿ ಕಡೆಯ ಸಂತೆಯವರು ಮಳೆಗೆ ನಿಂತಿದ್ದರು. ಹೆಂಡತಿ ರಾಜೀವಿ ಒಬ್ಬ ಅಜ್ಜಿಗೆ ಮಣೆ ಹಾಕುತ್ತಿದ್ದಳು.

"ಜಗಲಿ ತೆಗೆದ್ರೆ ಇವರೆಲ್ಲ ಎಲ್ಲಿ ನಿಲ್ಲುದು, ಹೇಳಿ?" ಎಂದಳು ಅವಳು.

ಮುದ್ದಣ್ಣ ಮೇಸ್ತ್ರಿಯ ಕಡೆ ತಿರುಗಿದ. "ಕೆಡವುದು ಬೇಡ. ಸುಣ್ಣ ನೆನೆಸಿ."

ಹೊಸ ಹಂಚು ಕೂತಿತು, ಕಣಿ ಸಾಫಾಯಿತು, ಗೋಡೆಗೆ ಗಾರೆ ಬಿತ್ತು. ಆಟಿ ತಿಂಗಳ ಜಡಿಮಳೆಯಲ್ಲೂ ಸೀರೆಯ ಕಟ್ಟುಗಳಿಗೆ ತೇವ ತಾಗಲಿಲ್ಲ. ಪ್ಯಾಟ್ರಿಕ್ ಕೂಡ ಸಿಮೆಂಟು ಕೆರೆಸಿದ. ಈಗ ಕಾರಡ್ಕದಿಂದ ನೆಂಟರು ಬಂದರೆ ಮುದ್ದಣ್ಣ ಕಾಫಿಗೂ ಮೊದಲು ಬೀದಿ ತೋರಿಸುತ್ತಾನೆ: "ಹೀಗೆ ನಿಮ್ಮಲ್ಲಿ ಉಂಟಾ?"

ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಮನೆ ಸೋರಿತೆಂದು ಅದನ್ನು ಕೆಡವಬೇಡಿ. ಮಳೆಗಾಲಕ್ಕೆ ಮೊದಲೇ ಒಡೆದ ಹಂಚು ಬದಲಿಸಿ. ನೀರಿನ ದಾರಿ ಬಿಡಿಸಿ. ಮುರಕಲ್ಲಿಗೆ ಸುಣ್ಣವನ್ನೇ ಬಳಿಯಿರಿ. ನಮ್ಮ ಹಿರಿಯರು ಮನೆ ಕಟ್ಟುವಾಗ ದಾರಿಹೋಕರನ್ನೂ ನೆನೆದಿದ್ದರು. ಅಂಥವರ ಮಕ್ಕಳು ನಾವು. ಆ ಹೆಸರನ್ನು ಉಳಿಸೋಣ.